ಕಾಂಕ್ರೀಟ್ ಹಾಕೋ ಮುಂಚೆ ಯಾರು ನೋಡಬೇಕು? ತುಮಕೂರು ಮನೆ ಕಟ್ಟೋರ ಗುಂಪಿನ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಮ್ಮ ಸಿವಿಲ್ ಇಂಜಿನಿಯರ್ ಸಾರ್ ಸಿಗುತ್ತಾರೆ. ವಿಷಯ ಒಂದೇ. ಲೈಸೆನ್ಸ್ ಸಿಕ್ಕಿ ಕೆಲಸ ಶುರುವಾದ ಮೇಲೆ ಯಾವಾಗ, ಯಾರಿಂದ ತಪಾಸಣೆ ಆಗಬೇಕು ಅನ್ನೋದು. ದಯವಿಟ್ಟು ಫಾರ್ವರ್ಡ್ ಬೇಡ.

ಶಿರಾ ಗೇಟ್: ನಮಸ್ಕಾರ ಸಾರ್. ನಮ್ಮದು 30-40 ಸೈಟು. ನಕ್ಷೆ ಪಾಸಾಗಿದೆ. ಇನ್ನು ಯಾರನ್ನೂ ಕೇಳದೆ ಕಟ್ಟಬಹುದಲ್ವಾ?

ಇಂಜಿನಿಯರ್: ನಮಸ್ಕಾರ. ಆ ನಕ್ಷೆಯಲ್ಲಿ ಇರೋ ಹಾಗೆ ಕಟ್ಟಬಹುದು, ಅಷ್ಟೇ. ಲೈಸೆನ್ಸ್ ಜೊತೆ ಷರತ್ತುಗಳ ಹಾಳೆ ಇರುತ್ತದೆ, ಅದನ್ನು ಓದಿ. ಯಾವ ಹಂತದಲ್ಲಿ ಪಾಲಿಕೆ ಕಚೇರಿಗೆ ತಿಳಿಸಬೇಕು ಅಂತ ಅದರಲ್ಲೇ ಬರೆದಿರುತ್ತಾರೆ. ಸಾಮಾನ್ಯವಾಗಿ ದಾರ ಕಟ್ಟಿ ಮಾರ್ಕಿಂಗ್ ಮಾಡಿದಾಗ, ಪ್ಲಿಂತ್, ಅಂದರೆ ನೆಲದ ಮೇಲಿನ ಪಾಯದ ಮಟ್ಟಕ್ಕೆ ಬಂದಾಗ, ಎಲ್ಲ ಮುಗಿದಾಗ. ಅವರು ಮುಖ್ಯವಾಗಿ ಮನೆ ಸುತ್ತ ಬಿಡೋ ಜಾಗ ಅಂದರೆ ಸೆಟ್‌ಬ್ಯಾಕ್, ಎತ್ತರ, ಮಹಡಿ ನೋಡುತ್ತಾರೆ. ನಿಮ್ಮ ಕಂಬಿ ಎಣಿಸೋಕೆ ಯಾರೂ ಬರಲ್ಲ, ಅದಕ್ಕೆ ನೀವೇ ಒಬ್ಬ ಇಂಜಿನಿಯರ್ ಇಟ್ಟುಕೊಳ್ಳಬೇಕು. ಮಂಜೂರಾದ ನಕ್ಷೆಯ ಪ್ರತಿ ಕೆಲಸ ಮುಗಿಯೋವರೆಗೂ ಸೈಟಿನಲ್ಲಿ ಕಾಣೋ ಹಾಗೆ ಇರಬೇಕು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಬೀರುವಿನಲ್ಲಿ ಇಟ್ಟರೆ ಆಗಲ್ಲ.

ಕ್ಯಾತ್ಸಂದ್ರ: ಮೋಲ್ಡ್ (ಛಾವಣಿ ಕಾಂಕ್ರೀಟ್) ಹಾಕಿದ ಮೇಲೆ ಎಷ್ಟು ದಿನ ನೀರು ಹಾಕಿ ಕ್ಯೂರಿಂಗ್ ಮಾಡಬೇಕು ಸಾರ್?

ಇಂಜಿನಿಯರ್: ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಓಪಿಸಿ, ಅಂದರೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತ ಪಿಪಿಸಿಗೆ 10. ಒಣ ಬಿಸಿಲಿದ್ದರೆ 10 ಮತ್ತು 14.

ಉಪ್ಪಾರಹಳ್ಳಿ: ಬಿ ಖಾತಾ ಸೈಟಿಗೆ ಬ್ಯಾಂಕ್ ಸಾಲ ಸಿಗುತ್ತಾ?

ಮರಳೂರು: ಸಾರ್, ಕಾಲಂಗಳ ಪಾಯಕ್ಕೆ 9 ಫೂಟಿಂಗ್ ಗುಂಡಿ ತೆಗೆಸಿದ್ದೇವೆ. ಎಂಟರಲ್ಲಿ 5 ಅಡಿಗೆ ಗಟ್ಟಿ ಗರಸು ಸಿಕ್ಕಿತು. ಒಂದರಲ್ಲಿ ಮಾತ್ರ ಕಪ್ಪು ಮಣ್ಣು, ಒದ್ದೆ. ಬಳೆ ಚೂರು, ಗುಟ್ಕಾ ಪ್ಯಾಕೆಟ್, ಒಂದು ಹವಾಯಿ ಚಪ್ಪಲಿ ಬಂತು. ಸೈಜುಗಲ್ಲು ತುಂಬಿ ಮೇಲೆ ಬೆಡ್ ಹಾಕಿದರೆ ಸಾಕು ಅಂತಾರೆ ಮೇಸ್ತ್ರಿ. ನಾಳೆ ಬೆಳಗ್ಗೆ 7ಕ್ಕೆ ಮಿಕ್ಸರ್ ಬರುತ್ತೆ. ಎರಡು ಫೋಟೋ ಹಾಕಿದ್ದೇನೆ.

ಇಂಜಿನಿಯರ್: ಮೊದಲು ಮಿಕ್ಸರಿನವರಿಗೆ ಫೋನ್ ಮಾಡಿ ನಾಳೆ ಬೇಡ ಅನ್ನಿ. ಎರಡನೇ ಫೋಟೋದ ಎಡ ಮೂಲೆ ನೋಡಿ. ಮೂರು ಚಪ್ಪಡಿ ಕಲ್ಲು ಸಾಲಾಗಿವೆ, ಸಾಲು ಬಾಗಿದೆ. ಅಲ್ಲಿ ಮುಂಚೆ ಏನಿತ್ತು?

ಮರಳೂರು: ತೆಂಗಿನ ತೋಟ ಇತ್ತಂತೆ. ಪಕ್ಕದ ಮನೆ ಅಜ್ಜಿನ ಈಗ ಕೇಳಿ ಬಂದೆ. ಬಾವಿ ಇತ್ತಂತೆ ಸಾರ್, ಲೇಔಟ್ ಮಾಡುವಾಗ ಮುಚ್ಚಿದರಂತೆ.

ಇಂಜಿನಿಯರ್: ಅದೇ ಅನುಮಾನ ಬಂತು. ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ.
ಒಂದು, ಆ ಗುಂಡಿಗೆ ಇನ್ನು ಯಾರೂ ಇಳಿಯಬಾರದು. ತುಂಬಿದ ಮಣ್ಣು, ಒದ್ದೆ ಬೇರೆ. ಪಕ್ಕ ಯಾವಾಗ ಕುಸಿಯುತ್ತೆ ಹೇಳೋಕಾಗಲ್ಲ. ಸುತ್ತ ಹಗ್ಗ ಕಟ್ಟಿ, ಮಕ್ಕಳು ಬರದ ಹಾಗೆ ನೋಡಿಕೊಳ್ಳಿ.
ಎರಡು, ಸೈಜುಗಲ್ಲಿನ ಮಾತು. 5 ಅಡಿ ಕೆಳಗೆ ಗುಟ್ಕಾ ಪ್ಯಾಕೆಟ್ ಇದೆ ಅಂದರೆ ಅದರ ಕೆಳಗೂ ಕಸ ಇರಬಹುದು. ಕಲ್ಲು ತುಂಬಿದರೆ ಕಲ್ಲೂ ಅದರ ಜೊತೆ ಇಳಿಯುತ್ತೆ. ನಿಮ್ಮ ಫೂಟಿಂಗ್ ಅರ್ಧ ಬಾವಿ ಗೋಡೆ ಮೇಲೆ, ಅರ್ಧ ಕಸದ ಮೇಲೆ ಕೂರುತ್ತೆ. ಎಂಟು ಕಾಲಂ ಅಲ್ಲಾಡಲ್ಲ, ಒಂಬತ್ತನೆಯದು ಇಳಿಯುತ್ತೆ. ಮನೆ ಪೂರ್ತಿ ಒಂದೇ ಸಮ ಇಳಿದರೆ ಅಷ್ಟು ತೊಂದರೆ ಇಲ್ಲ. ಒಂದೇ ಮೂಲೆ ಇಳಿದರೆ ಬೀಮ್ ಸೀಳುತ್ತೆ, ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತೆ. ಅದು ಬಣ್ಣ ಹೊಡೆದ ಮೇಲೆ ಕಾಣೋದು.
ಮೂರು, ನಿಮ್ಮ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿದವರನ್ನ ಸೈಟಿಗೆ ಕರೆಸಿ. ಬಾವಿ ಎಷ್ಟು ಅಗಲ, ಎಷ್ಟು ಆಳ ಅಂತ ಹೊರಗಡೆ ನಿಂತು ಜೆಸಿಬಿಯಲ್ಲಿ ನೋಡಲಿ. ಕಾಲಂ ಸರಿಸೋದೋ, ಬಾವಿಯ ಆಚೆ ಈಚೆ ಫೂಟಿಂಗ್ ಹಾಕಿ ಮೇಲೆ ದಪ್ಪ ಬೀಮ್ ದಾಟಿಸೋದೋ, ಅವರು ಲೆಕ್ಕ ಹಾಕಿ ಹೇಳಬೇಕು. ನಾನು ಫೋಟೋ ನೋಡಿ ಹೇಳಲ್ಲ. ಕಾಲಂ ಸರಿದು ಗೋಡೆ ಸೆಟ್‌ಬ್ಯಾಕಿಗೆ ಬರೋದಾದರೆ ಕೆಲಸ ನಿಲ್ಲಿಸಿ ಪರಿಷ್ಕೃತ ನಕ್ಷೆ ಕೊಡಿ.

ಬಟವಾಡಿ ಕಂಟ್ರಾಕ್ಟರ್: 25 ವರ್ಷದಿಂದ ಕಟ್ಟಿಸ್ತಾ ಇದ್ದೀನಿ. ಸೈಜುಗಲ್ಲು ತುಂಬಿದ ಮನೆ ಒಂದೂ ಬಿದ್ದಿಲ್ಲ. ಸುಮ್ನೆ ಹೆದರಿಸಬೇಡಿ.

ಇಂಜಿನಿಯರ್: ಬಾವಿ ಮೇಲೆ ಎಷ್ಟು ಕಟ್ಟಿಸಿದ್ದೀರಿ?

ನಿವೃತ್ತ ಮೇಷ್ಟ್ರು: ಬಾವಿ ಯಾವ ದಿಕ್ಕಿಗಿದೆ? ಈಶಾನ್ಯ ಆದರೆ ಮುಚ್ಚಲೇಬಾರದಿತ್ತು. ಶಾಂತಿ ಮಾಡಿಸಿ.

ಬಟವಾಡಿ ಕಂಟ್ರಾಕ್ಟರ್: ಮೇಷ್ಟ್ರೇ, ಶಾಂತಿ ಮಾಡಿಸಿದರೆ ಮಣ್ಣು ಗಟ್ಟಿ ಆಗುತ್ತಾ?

ನಿವೃತ್ತ ಮೇಷ್ಟ್ರು: ನಿಮ್ಮ ಸೈಜುಗಲ್ಲಿಗಿಂತ ವಾಸಿ. ಹಿರಿಯರ ಹತ್ತಿರ ಮಾತಾಡೋ ರೀತಿನಾ ಇದು?

ಹೆಗ್ಗೆರೆ: ಇದು ಎಲ್ಲ ಗುಂಪಲ್ಲೂ ಬರ್ತಿದೆ ಸಾರ್, ನಿಜಾನಾ? "ಕಾಂಕ್ರೀಟಿಗೆ ಬೆಲ್ಲದ ನೀರು ಬೆರೆಸಿದರೆ ಮೋಲ್ಡ್ ಸೋರಲ್ಲ. ತಪಾಸಣೆಗೆ ತಿಳಿಸಿ 7 ದಿನ ಯಾರೂ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ, ಹೊಸ ಕಾನೂನು. ಎಲ್ಲರಿಗೂ ಶೇರ್ ಮಾಡಿ."

ಇಂಜಿನಿಯರ್: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಹೇಳಿದ್ದರು. ದಾರಿಯಲ್ಲಿ ಮಿಕ್ಸರ್ ಲಾರಿ ಕೆಟ್ಟರೆ ಡ್ರಮ್‌ನೊಳಗೆ ಕಾಂಕ್ರೀಟ್ ಗಟ್ಟಿಯಾಗದಿರಲಿ ಅಂತ ಸಕ್ಕರೆ ಸುರಿಯುತ್ತಾರೆ. ಅದನ್ನೇ ನಿಮ್ಮ ಮೋಲ್ಡಿಗೆ ಹಾಕ್ತೀರಾ? ಇನ್ನು ಆ ಕಾನೂನು. ಯಾವ ಕಾಯ್ದೆ, ಯಾವ ಕಲಂ ಅಂತ ಅದರಲ್ಲಿ ಇದೆಯಾ? ತಿಳಿಸಿದ ಪತ್ರಕ್ಕೆ ಸೀಲ್ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಅದು ಉಪಯೋಗಕ್ಕೆ ಬರುತ್ತೆ, ಇದು ಬರಲ್ಲ.

ಸದಾಶಿವನಗರ: ನಾಡಿದ್ದು ಮೋಲ್ಡ್. ಕಂಬಿ ಕೆಳಗೆ ಜಲ್ಲಿ ಚೂರು ಇಟ್ಟಿದ್ದಾರೆ, ಪರವಾಗಿಲ್ವಾ?

ಇಂಜಿನಿಯರ್: ತೆಗೆಸಿ. ತುಳಿದರೆ ಜಾರುತ್ತವೆ, ಕಂಬಿ ಕೆಳಗಿನ ಸೆಂಟ್ರಿಂಗ್ ಶೀಟಿಗೆ ಅಂಟುತ್ತೆ. ಕಂಬಿ ಎತ್ತಿ ಹಿಡಿಯೋ 20 ಎಂಎಂ ಕವರ್ ಬ್ಲಾಕ್ ಹಾಕಿಸಿ. ನಿಮ್ಮ ಇಂಜಿನಿಯರ್ ಮೇಲೆ ಹತ್ತಿ ನೋಡೋವರೆಗೂ ಕಾಂಕ್ರೀಟ್ ಬೇಡ.

ಗುಬ್ಬಿ ಗೇಟ್: ಸಾರ್ ಕ್ಯೂರಿಂಗ್ ಎಷ್ಟು ದಿನ?

ಇಂಜಿನಿಯರ್: ಮೇಲಿದೆ.

ಗುಬ್ಬಿ ಗೇಟ್: ಎಲ್ಲಿ ಸಾರ್?

ಶೆಟ್ಟಿಹಳ್ಳಿ: ಮನೆ ಮುಗೀತು. ಗುರುವಾರ ಗೃಹಪ್ರವೇಶ. ಕಚೇರಿಗೆ ಆಮೇಲೆ ತಿಳಿಸಿದರೆ ನಡೆಯುತ್ತಾ?

ಇಂಜಿನಿಯರ್: ಹಾಲು ಉಕ್ಕಿಸಿ, ಊಟ ಹಾಕಿ, ವಾಸಕ್ಕೆ ಮಾತ್ರ ಹೋಗಬೇಡಿ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 310ನೇ ಪ್ರಕರಣ. ಮುಗಿದ ಒಂದು ತಿಂಗಳೊಳಗೆ ತಿಳಿಸಬೇಕು. ಅನುಮತಿ ಸಿಗದೆ ವಾಸ ಮಾಡುವಂತಿಲ್ಲ.

ಬಟವಾಡಿ ಕಂಟ್ರಾಕ್ಟರ್: ಊರಲ್ಲಿ ಎಷ್ಟು ಜನ ಹಾಗೆ ಮಾಡ್ತಾರೆ ಹೇಳಿ. ಪುಸ್ತಕದ ಇಂಜಿನಿಯರ್‌ಗಳಿಂದಲೇ ಮನೆ ಕಟ್ಟೋದು ದುಬಾರಿ ಆಗಿರೋದು.

ಶಿರಾ ಗೇಟ್: ನಿಮ್ಮಂಥವರಿಂದ ಕಣ್ರೀ. ನಮ್ಮ ಭಾವನ ಮನೆಯಲ್ಲಿ ನಾಲ್ಕೇ ದಿನಕ್ಕೆ ಮೋಲ್ಡ್ ಕೆಳಗಿನ ಆಸರೆ ಪೋಲ್ ಬಿಚ್ಚಿದ ಕಂಟ್ರಾಕ್ಟರ್, ಮೋಲ್ಡ್ ಮಧ್ಯ ಜೋತು ಬಿದ್ದಿದೆ.

ಬಟವಾಡಿ ಕಂಟ್ರಾಕ್ಟರ್: ಅದು ನಾನಾ? ಹೆಸರು ಹೇಳಿ ನೋಡೋಣ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಇಂಜಿನಿಯರ್: ಪೋಲ್ ಲೆಕ್ಕ ಹೇಳಿ ಏಳುತ್ತೇನೆ. ಓಪಿಸಿ ಆದರೆ ಮೋಲ್ಡಿನ ಸ್ಪ್ಯಾನ್ (ಬೀಮಿನಿಂದ ಬೀಮಿಗೆ ದೂರ) 4.5 ಮೀಟರ್ ಒಳಗಿದ್ದರೆ 7 ದಿನ, ಜಾಸ್ತಿ ಇದ್ದರೆ 14. ಬೀಮ್ 6 ಮೀಟರ್‌ವರೆಗೆ 14, ಮೇಲಾದರೆ 21. ಬೇರೆ ಸಿಮೆಂಟಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಜಗಳಕ್ಕೆ ನನ್ನನ್ನು ಟ್ಯಾಗ್ ಮಾಡಬೇಡಿ.

ನಿವೃತ್ತ ಮೇಷ್ಟ್ರು: ದಿಕ್ಕು ಯಾವುದು ಅಂತ ಇನ್ನೂ ಹೇಳಲಿಲ್ಲ.

(ಸೋಮವಾರ ಸಂಜೆ)

ಮರಳೂರು: ಡ್ರಾಯಿಂಗ್ ಮಾಡಿದವರು ಬಂದು ನೋಡಿದರು ಸಾರ್. ಬಾವಿ 12 ಅಡಿ ಅಗಲ, ಅರ್ಧ ಪಕ್ಕದ ಕಾಂಪೌಂಡ್ ಕೆಳಗೆ ಹೋಗಿದೆ. ಜೆಸಿಬಿ 10 ಅಡಿ ತೆಗೆದರೂ ಬರೀ ಕಸ. ಬೀಮ್ ದಾಟಿಸ್ತೀನಿ, ಮೂರು ದಿನದಲ್ಲಿ ಹೊಸ ಡ್ರಾಯಿಂಗ್ ಕೊಡ್ತೀನಿ ಅಂದರು.

ಇಂಜಿನಿಯರ್: ಅವರ ಸಹಿ ಇಲ್ಲದೆ ಒಂದು ಕಂಬಿನೂ ಕಟ್ಟಿಸಬೇಡಿ. ಅಜ್ಜಿ ಮನೆ ಕಾಂಪೌಂಡಿಗೆ ಆಸರೆ ಕೊಡಿಸಿ, ಇವತ್ತೇ.

ಮರಳೂರು: ಕೊಡಿಸಿದೆ ಸಾರ್. ಮಿಕ್ಸರಿನವನು ಮಾತ್ರ 2000 ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಿದ್ದಾನೆ.

ಇಂಜಿನಿಯರ್: ಹೋಗಲಿ ಬಿಡಿ.