ಹೃದಯದ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಮಗುವನ್ನು ಈ ಮಳೆಗಾಲದಲ್ಲಿ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ನಾಲ್ಕು ತಿಂಗಳು. ತೂಕ ಇನ್ನೂ 5 ಕಿಲೋ ಮುಟ್ಟಿಲ್ಲ. ಮೂರನೆಯ ವಾರದಲ್ಲಿ ಅಳುವಾಗ ಅವಳ ತುಟಿ ಮತ್ತು ಉಗುರು ನೀಲಿಯಾಗುವುದನ್ನು ಗಮನಿಸಿದ ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಹೋಗಲೇಬೇಕೆಂದು ಹಟ ಹಿಡಿದರು. ಮೈಸೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ‘ಟೆಟ್ರಾಲಜಿ ಆಫ್ ಫ್ಯಾಲೊ’ ಎಂದು ತಿಳಿಯಿತು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿದೆ, ಆದ್ದರಿಂದ ಆಮ್ಲಜನಕ ಕಡಿಮೆಯಿರುವ ರಕ್ತ ಮೈಗೆ ಸೇರುತ್ತದೆ ಎಂದು ವೈದ್ಯರು ವಿವರಿಸಿದರು. ಶಸ್ತ್ರಚಿಕಿತ್ಸೆಯನ್ನು ಮಳೆಗಾಲ ಕಳೆದ ಮೇಲೆ, ತೂಕ ನೋಡಿಕೊಂಡು ಮಾಡುವುದೆಂದು ನಿರ್ಧಾರವಾಗಿದೆ.

ಮಗುವನ್ನು ಹೆಚ್ಚು ಅಳಲು ಬಿಡಬೇಡಿ ಎಂದು ಅವರು ಹೇಳಿದ ಒಂದು ಮಾತು ನಮ್ಮ ಮನೆಯಲ್ಲಿ ಎಲ್ಲರ ನಿದ್ದೆಯನ್ನೂ ಕಸಿದಿದೆ. ಅವಳು ಸ್ವಲ್ಪ ಮುಖ ಕಿವುಚಿದರೂ ಅತ್ತೆಯವರು ಗಾಬರಿಯಾಗುತ್ತಾರೆ. ರಾತ್ರಿಯೆಲ್ಲ ನಾನು ಮತ್ತು ಅವರು ಸರದಿಯಲ್ಲಿ ಎತ್ತಿಕೊಂಡು ಕೂರುತ್ತೇವೆ. ಗಂಡ ತೋಟದಲ್ಲಿ ರೈಟರ್ (ಗುಮಾಸ್ತ) ಆಗಿರುವುದರಿಂದ ಬೆಳಗ್ಗೆ ಬೇಗ ಹೊರಡುತ್ತಾರೆ. ಕಾವೇರಿ ಉಕ್ಕಿದರೆ ಮೂರ್ನಾಡು ಕಡೆಯ ರಸ್ತೆ ಮುಳುಗುತ್ತದೆ, ಕರೆಂಟು ಮತ್ತು ಫೋನು ದಿನಗಟ್ಟಲೆ ಇರುವುದಿಲ್ಲ. ಇದರ ಮೇಲೆ, ಗ್ರಹಣದ ದಿನ ನಾನು ಹೊರಗೆ ಬಂದದ್ದರಿಂದಲೇ ಹೀಗಾಯಿತೆಂದು ನೆಂಟರೊಬ್ಬರು ಹೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಇದೇ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ: ಅಳು ಎಷ್ಟರವರೆಗೆ ಸಹಜ, ಯಾವಾಗ ಅಪಾಯ?

ಉತ್ತರ: ಸೋಮವಾರಪೇಟೆಯಿಂದ

ತಂಗಿ, ನನ್ನ ಮಗನಿಗೂ ಇದೇ ತೊಂದರೆಯಿತ್ತು. ಏಳನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಈಗ ಅವನು ಒಂದನೆಯ ತರಗತಿ.

ನೀವು ಕೇಳಿರುವ ಅಪಾಯಕ್ಕೆ ವೈದ್ಯರು ‘ಸ್ಪೆಲ್’ ಎನ್ನುತ್ತಾರೆ. ಹಸಿವಿನ ಅಳು ಎತ್ತಿಕೊಂಡರೆ, ಹಾಲು ಕೊಟ್ಟರೆ ನಿಲ್ಲುತ್ತದೆ ಮತ್ತು ಬಣ್ಣ ಬೇಗ ಮರಳುತ್ತದೆ. ಸ್ಪೆಲ್ ಬಂದಾಗ ಹಾಗಲ್ಲ: ಸಮಾಧಾನ ಮಾಡಿದಷ್ಟೂ ಮಗು ಗಾಢ ನೀಲಿಯಾಗುತ್ತ ಹೋಗುತ್ತದೆ, ಉಸಿರು ವೇಗವಾಗಿ ಮತ್ತು ಆಳವಾಗಿ ಎಳೆಯುತ್ತದೆ, ಆಮೇಲೆ ಅಳು ಕ್ಷೀಣಿಸಿ ಮೈ ಸಡಿಲವಾಗಬಹುದು. ಆ ಮೌನವನ್ನು ನಿದ್ದೆಯೆಂದು ತಿಳಿಯಬಾರದು. ನಮ್ಮ ಮಗನಿಗೆ ಮೊದಲ ಸಲ ಬಂದದ್ದು ಬೆಳಗ್ಗೆ ಎದ್ದು ಹಾಲು ಕುಡಿದು, ಕಕ್ಕ ಮಾಡಿದ ಮೇಲೆ. ನಾನು ಅವನನ್ನು ಹೆಗಲಿಗೆ ನೆಟ್ಟಗೆ ಹಾಕಿಕೊಂಡು ಅಂಗಳಕ್ಕೆ ಓಡಿದೆ. ಅದು ತಪ್ಪು ಎಂದು ಆಮೇಲೆ ತಿಳಿಯಿತು. ಆ ನಿಮಿಷಗಳನ್ನು ನೆನೆದರೆ ಇಂದಿಗೂ ಕೈ ನಡುಗುತ್ತದೆ.

ಮಾಡಬೇಕಾದದ್ದು ಇಷ್ಟು: ಮಗುವಿನ ಎರಡೂ ಮೊಣಕಾಲುಗಳನ್ನು ಮಡಿಸಿ ಎದೆಗೆ ತಾಗುವಂತೆ ಹಿಡಿದು, ನಿಮ್ಮ ಎದೆಗೆ ಒತ್ತಿಕೊಂಡು ಮೆಲ್ಲನೆ ಮಾತನಾಡಿಸುವುದು. ಕಾಲು ಮಡಿಸಿದಾಗ ಮೈಗೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ, ಹೆಚ್ಚು ರಕ್ತ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಶಸ್ತ್ರಚಿಕಿತ್ಸೆಯಾಗದ ದೊಡ್ಡ ಮಕ್ಕಳು ಆಟದ ನಡುವೆ ತಾವಾಗಿಯೇ ಕುಕ್ಕರಗಾಲಿನಲ್ಲಿ ಕೂರುವುದೂ ಇದೇ ಕಾರಣಕ್ಕೆ. ನಾವು ಬಟ್ಟೆಯ ಗೊಂಬೆ ಮಾಡಿ ಮನೆಯವರಿಗೆಲ್ಲ, ಪಕ್ಕದ ಮನೆಯ ಅಜ್ಜಿಗೂ ಅಭ್ಯಾಸ ಮಾಡಿಸಿದೆವು. ಆ ದಿನದಿಂದ ನನಗೆ ರಾತ್ರಿ ಕನಿಷ್ಠ ಮೂರು ತಾಸು ನಿದ್ದೆ ಬರತೊಡಗಿತು, ಏಕೆಂದರೆ ಅವನನ್ನು ನೋಡಿಕೊಳ್ಳಬಲ್ಲವಳು ನಾನೊಬ್ಬಳೇ ಅಲ್ಲ ಎಂಬುದು ಖಾತ್ರಿಯಾಗಿತ್ತು. ಸ್ಪೆಲ್ ಕಡಿಮೆಯಾದರೂ ಅದೇ ದಿನ ವೈದ್ಯರಿಗೆ ತಿಳಿಸಿ. ಕಡಿಮೆಯಾಗದಿದ್ದರೆ ಅಥವಾ ಮಗು ಮಂಕಾದರೆ ಕಾಲು ಮಡಿಸಿ ಹಿಡಿದುಕೊಂಡೇ ಹತ್ತಿರದ ಆಸ್ಪತ್ರೆಗೆ ಹೊರಡಿ.

ಉತ್ತರ: ಮಡಿಕೇರಿ, ನಿವೃತ್ತ ಶುಶ್ರೂಷಕಿ

ಮೊದಲು ಗ್ರಹಣದ ಮಾತು. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ. ಎಷ್ಟೋ ತಾಯಂದಿರಿಗೆ ಬಸಿರು ನಿಂತದ್ದು ಖಚಿತವಾಗುವ ಹೊತ್ತಿಗೆ ಅದರ ಬಹುಪಾಲು ಕೆಲಸ ಮುಗಿದಿರುತ್ತದೆ. ಸಾವಿರ ಮಕ್ಕಳಲ್ಲಿ ಸುಮಾರು 8 ಮಕ್ಕಳು ಒಂದಲ್ಲ ಒಂದು ಹೃದಯದೋಷದೊಂದಿಗೆ ಹುಟ್ಟುತ್ತಾರೆ. ಕೆಲವರಲ್ಲಿ ವರ್ಣತಂತುವಿನ ಬದಲಾವಣೆ ಸಿಗುತ್ತದೆ, ಬಹಳಷ್ಟು ಮಕ್ಕಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ನಿಮ್ಮ ನೆಂಟರ ಮುಂದೆ ಹೇಳಬೇಕಾದವರು ನಿಮ್ಮ ಮನೆಯವರು. ನೀವೇ ವಾದಿಸಿ ದಣಿಯಬೇಡಿ.

ಮಳೆಗಾಲದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮಲ್ಲಿ ಬಟ್ಟೆ ಒಣಗಿಸಲು, ಬಾಣಂತಿಯ ಕೋಣೆ ಬೆಚ್ಚಗಿಡಲು ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿಯಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿಯುತ್ತದೆ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈ ವ್ಯತ್ಯಾಸವನ್ನು ಗುರುತಿಸಲಾರದೆ ಹೆಚ್ಚಿನ ಅಂಕಿಯನ್ನೇ ತೋರಿಸಬಹುದು. ಅಗ್ಗಿಷ್ಟಿಕೆಯನ್ನು ಮಗುವಿರುವ ಕೋಣೆಯಿಂದ ಇಂದೇ ತೆಗೆಯಿರಿ. ಪದರ ಪದರವಾಗಿ ಬಟ್ಟೆ ತೊಡಿಸಿ, ನಿಮ್ಮ ಮೈಗೆ ಒತ್ತಿಕೊಂಡು ಬೆಚ್ಚಗಿಡಿ. ಆಕ್ಸಿಮೀಟರ್ ಇಟ್ಟುಕೊಂಡಿದ್ದರೆ ತಣ್ಣಗಿರುವ ಪಾದಕ್ಕೆ ಹಾಕಬೇಡಿ, ಅಂಕಿ ತಪ್ಪಾಗುತ್ತದೆ. ಪಾದವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮಗು ಶಾಂತವಾಗಿರುವಾಗ ನೋಡಿ. ನಿಮ್ಮ ಮಗುವಿಗೆ ಯಾವ ಅಂಕಿ ಸಹಜ, ಎಷ್ಟಕ್ಕೆ ಇಳಿದರೆ ಹೊರಡಬೇಕು ಎಂಬುದನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ.

ವಾಂತಿಭೇದಿಯನ್ನು ಹಗುರವಾಗಿ ನೋಡಬೇಡಿ. ಈ ಮಕ್ಕಳ ರಕ್ತ ಮೊದಲೇ ಮಂದವಾಗಿರುತ್ತದೆ, ನೀರಿನಂಶ ಕಡಿಮೆಯಾದರೆ ಇನ್ನೂ ಮಂದವಾಗಿ ಹೆಪ್ಪುಗಟ್ಟುವ ಭಯವಿದೆ. ಕಬ್ಬಿಣಾಂಶದ ಹನಿ ಬರೆದುಕೊಟ್ಟಿದ್ದರೆ, ರಕ್ತ ಚೆನ್ನಾಗಿದೆಯಲ್ಲ ಎಂದು ನಿಲ್ಲಿಸಬೇಡಿ. ಕಬ್ಬಿಣಾಂಶದ ಕೊರತೆಯಾದರೆ ಸ್ಪೆಲ್ ಹೆಚ್ಚುತ್ತದೆ. ಹಾಲು ಕುಡಿಯುವಾಗ ಹಣೆ ಬೆವರಿದರೆ ನಡುವೆ ವಿರಾಮ ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ಕುಡಿಸಿ. ಲಸಿಕೆಗಳನ್ನು ಸಮಯಕ್ಕೆ ಹಾಕಿಸಿ.

ಉತ್ತರ: ಪೊನ್ನಂಪೇಟೆಯ ಒಬ್ಬ ತಂದೆ

ಅಕ್ಕ, ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ; ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಈಗಲೇ ಮಾಡಿಸಿಡಿ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಾರೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಮಗುವಿನ ವಿಷಯ ತಿಳಿಸಿ.

ನನ್ನ ಮುಖ್ಯ ಮಾತು ಬೇರೆ. ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆ ಶುರುವಾಗುವ ಮೊದಲು ಮಗುವಿನೊಂದಿಗೆ ಆಸ್ಪತ್ರೆ ಹತ್ತಿರವಿರುವ ಊರಿಗೆ ಬಂದುಬಿಡಿ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ನಿಮ್ಮ ಊರಿನಿಂದ ಮಡಿಕೇರಿಗೆ ಬರುವ ದಾರಿಯೇ ಮುಚ್ಚಿದರೆ ಯಾವ ಸಿದ್ಧತೆಯೂ ಸಾಲದು. ನಾವು ಎರಡು ತಿಂಗಳು ನೆಂಟರ ಮನೆಯಲ್ಲಿದ್ದೆವು. ಸಂಕೋಚವಾಗಿತ್ತು, ಆದರೆ ಒಂದು ಮಧ್ಯರಾತ್ರಿ ಹದಿನೈದು ನಿಮಿಷದಲ್ಲಿ ಮಗನನ್ನು ಆಸ್ಪತ್ರೆಗೆ ಮುಟ್ಟಿಸಿದೆವು.

ಮತ್ತೆ ನಾಪೋಕ್ಲು ಸಮೀಪದ ತಾಯಿ

ನಿಮ್ಮೆಲ್ಲರ ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ಅಗ್ಗಿಷ್ಟಿಕೆ ನಿಜವಾಗಿಯೂ ಮಗುವಿನ ಕೋಣೆಯಲ್ಲೇ ಇತ್ತು; ಅವರೇ ಎತ್ತಿ ಹೊರಗಿಟ್ಟರು. ಸೀರೆ ಸುತ್ತಿ ಗೊಂಬೆ ಮಾಡಿ ಇಬ್ಬರೂ ಅಭ್ಯಾಸ ಮಾಡಿದೆವು, ಅವರಿಗೆ ನನಗಿಂತ ಚೆನ್ನಾಗಿ ಬಂತು. ಮುಂದಿನ ವಾರ ಮಡಿಕೇರಿಯ ನಾದಿನಿಯ ಮನೆಗೆ ಹೋಗುತ್ತಿದ್ದೇವೆ. ಆಕ್ಸಿಮೀಟರ್ ದೊಡ್ಡವರ ಬೆರಳಿನದು ಮಾತ್ರ ಇದೆ; ಎಳೆಮಗುವಿನ ಪಾದಕ್ಕೆ ಕಟ್ಟುವಂಥದ್ದು ಮಡಿಕೇರಿಯಲ್ಲಿ ಎಲ್ಲಿ ಸಿಗುತ್ತದೆಂದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.