ವಿದ್ಯಾ, ಆ ಕೆಂಪು ಬಣ್ಣದ ವಿಷಯ

ವಿದ್ಯಾ, ದೊಡ್ಡಪ್ಪ ಮಾತಾಡುವುದು. ನಿನ್ನ ಮೆಸೇಜ್ ನೋಡಿದೆ. ಮಂಗಳೂರಿನ ಇಂಜಿನಿಯರಿಂಗ್ ಕಾಲೇಜಿನವರ ಕಂಪ್ಯೂಟರ್ ಫೇಲಾಗುವ ಸಂಭವ ಉಂಟು ಅಂತ ಅನಘಾಳ ಹೆಸರಿಗೆ ಕೆಂಪು ಬಣ್ಣ ಹಾಕಿದೆ, ಫೇಲ್ ಆಗುತ್ತಾಳಾ, ಬಿಡಿಸಿ ಬಿಸಿಎಗೆ ಸೇರಿಸುವುದಾ ಅಂತ ಕೇಳಿದ್ದೀಯ. ಮೊದಲು ಒಂದು ಮಾತು. ಅವಳ ಎದುರು ಈ ವಿಷಯ ಎತ್ತಬೇಡ ಮಾರಾಯ್ತಿ.

ನಮ್ಮ ದೊಡ್ಡಣ್ಣನದ್ದು ಗೊತ್ತುಂಟಲ್ಲ. ಉಡುಪಿಯಲ್ಲಿ ಪಿಯುಸಿ ಓದುವಾಗ ಅರ್ಧವಾರ್ಷಿಕದಲ್ಲಿ ಅಂಕ ಕಡಿಮೆ ಬಂತು. ಟೈಫಾಯ್ಡ್ ಆಗಿ ಮಲಗಿದ್ದವ ಗಂಜಿ ಕುಡಿದು ಹೋಗಿ ಬರೆದದ್ದು. ಲೆಕ್ಚರರ್ ಅದನ್ನು ಕೇಳಲೇ ಇಲ್ಲ. "ಇವ ಡಿಗ್ರಿ ಮುಗಿಸುವವನಲ್ಲ" ಅಂತ ಅಪ್ಪಯ್ಯನಿಗೆ ಹೇಳಿಬಿಟ್ಟರು. ಅಪ್ಪಯ್ಯ ಸೀದಾ ಬೊಂಬಾಯಿ ಬಸ್ಸು ಹತ್ತಿಸಿದರು, ಮಾತುಂಗಾದ ಹೋಟೆಲಿಗೆ. ನಾನು ಹೋಗಿ ನೋಡಿದಾಗ ಗಲ್ಲಾಪೆಟ್ಟಿಗೆ ಪಕ್ಕ, ಬಿಲ್ ಪುಸ್ತಕದ ಅಡಿಯಲ್ಲಿ, ಕಾಲೇಜಿನಲ್ಲಿ ಲೆಕ್ಕ ಮಾಡಲಿಕ್ಕೆ ಇಟ್ಟುಕೊಳ್ಳುತ್ತಿದ್ದ ಲಾಗರಿದಮ್ ಪುಸ್ತಕ, ಅವನ ಕ್ಲಾರ್ಕ್ಸ್ ಟೇಬಲ್, ಇತ್ತು. ರಟ್ಟಿಗೆಲ್ಲ ಎಣ್ಣೆ ಕಲೆ. ಲೆಕ್ಚರರ್ ಹೇಳಿದ್ದು ನಿಜವಾಯಿತು ಅಂತ ಊರವರು ಅಂದರು. ನಿಜ ಆಗದೆ ಏನು? ಕಾಲೇಜೇ ಬಿಡಿಸಿದ ಮೇಲೆ ಡಿಗ್ರಿ ಎಲ್ಲಿಂದ ಬರುತ್ತದೆ?

ಕಂಪ್ಯೂಟರ್ ಮಾಡುವುದೂ ಅದೇ. ಹಳೆಯ ಬ್ಯಾಚ್‌ನವರ ಪಿಯು ಅಂಕ, ಹಾಜರಿ, ಇಂಟರ್ನಲ್ ನೋಡಿ, ಇಂಥವರು ಜಾಸ್ತಿ ಫೇಲಾಗಿದ್ದರು ಅನ್ನುತ್ತದೆ. ಜ್ವರ ಬಂದದ್ದು, ಹಾಸ್ಟೆಲ್‌ನಲ್ಲಿ ನಿದ್ದೆ ಬಾರದ್ದು ಅದಕ್ಕೆ ಕಾಣುವುದಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೊರೊನಾ ಅಂತ ಪರೀಕ್ಷೆ ಬಿಟ್ಟು, ಶಾಲೆಯ ಹಿಂದಿನ ವರ್ಷಗಳ ರಿಸಲ್ಟನ್ನೂ ಸೇರಿಸಿ ಲೆಕ್ಕ ಹಾಕಿ ಗ್ರೇಡ್ ಕೊಟ್ಟರು. ಮಕ್ಕಳು ಬೀದಿಗಿಳಿದ ಮೇಲೆ ಆ ಲೆಕ್ಕ ಕೈಬಿಟ್ಟರು. ಇಂಥ ಲೆಕ್ಕವನ್ನು ಅವಳು ನಂಬಿ ಕೈಚೆಲ್ಲಿದರೆ ಅದೇ ನಿಜವಾಗಿಬಿಡುತ್ತದೆ, ದೊಡ್ಡಣ್ಣನದ್ದು ಆದ ಹಾಗೆ. ಅದಕ್ಕೇ ಹೇಳುವುದು, ಅವಳ ಎದುರು ಎತ್ತಬೇಡ.

ದೊಡ್ಡಣ್ಣ ಕಳಿಸಿದ ಮನಿಯಾರ್ಡರಿನಲ್ಲೇ ನಾನು ಬಿಎಸ್ಸಿ ಮಾಡಿದ್ದು, ನಿನ್ನ ಅತ್ತೆಯ ಮದುವೆ ಆದದ್ದು. ಪಾಲು ಮಾಡುವಾಗ ಮಾತ್ರ "ಅವನಿಗೆ ಬೊಂಬಾಯಿಯಲ್ಲಿ ಉಂಟಲ್ಲ" ಅಂದರು. ತೋಟದ ಒಂದು ತೆಂಗಿನಕಾಯಿ ಸಹ ಅವನಿಗೆ ಸಿಗಲಿಲ್ಲ. ಅಂದವರು ಈ ಗ್ರೂಪಿನಲ್ಲೇ ಇದ್ದಾರೆ, ಕೇಳಲಿ.

ಹಾಂ, ನೀನು ಕೇಳಿದ್ದು. ಕಾಲೇಜಿನಲ್ಲಿ ಅವಳನ್ನು ನೋಡಿಕೊಳ್ಳುವ ಲೆಕ್ಚರರ್, ಅಂದರೆ ಮೆಂಟರ್ ಹತ್ತಿರ ಹೋಗಿ, ಕೆಂಪು ಬಂದದ್ದು ಯಾವುದರಿಂದ ಅಂತ ವಿಚಾರಿಸು. ಪಿಯು ಅಂಕದಿಂದ ಆದರೆ ಬಿಟ್ಟುಬಿಡು, ಅದನ್ನು ಈಗ ಬದಲಿಸಲಿಕ್ಕೆ ಆಗುತ್ತದಾ? ಹಾಜರಿಯಾದರೆ ಹುಷಾರು, ವಿಟಿಯುನಲ್ಲಿ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಶೇಕಡಾ 85 ಬೇಕು. ಇಂಟರ್ನಲ್ 50ರಲ್ಲಿ 20 ಬರಲೇಬೇಕು, ಇಲ್ಲವಾದರೆ ಸೆಮ್ ಪರೀಕ್ಷೆಗೆ ಕೂರಿಸುವುದಿಲ್ಲ. ಮ್ಯಾಥ್ಸ್‌ನದ್ದೇ ತೊಂದರೆಯಾದರೆ ಆದಿತ್ಯವಾರ ಇಲ್ಲಿಗೆ ಕಳಿಸು, ನಾನೇ ಹೇಳಿಕೊಡುತ್ತೇನೆ.