ಸಹಾಯ ಬೇಕು: ಬೋವಿಯ 'ಲೋ' ಆಲ್ಬಂನಲ್ಲಿ ಸಿಕ್ಕಿಬಿದ್ದಿದ್ದೇನೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ರಾಕ್ ಗಾಯಕ ಡೇವಿಡ್ ಬೋವಿ ಅಂದರೆ ಬಣ್ಣ ಬಳಿದ ಮುಖ, ಕೆಂಪು ಕೂದಲು, ಅಷ್ಟೇ ಅಂದುಕೊಂಡು ಇಷ್ಟು ವರ್ಷ ಆ ಕಡೆ ತಲೆಯೇ ಹಾಕಿರಲಿಲ್ಲ. ಹೋದ ತಿಂಗಳು ಸುಮ್ನೆ 'ಬ್ಲ್ಯಾಕ್‌ಸ್ಟಾರ್' ಹಾಕಿದೆ. 2016ರ ಜನವರಿ 8ರಂದು, ಅವರ 69ನೇ ಹುಟ್ಟುಹಬ್ಬದ ದಿನ ಬಂದ ಆಲ್ಬಂ. ಎರಡೇ ದಿನಕ್ಕೆ ಅವರು ತೀರಿಕೊಂಡರು. ಅದರ ಸ್ಯಾಕ್ಸೊಫೋನ್ ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಸರಿ, ಹಿಂದಕ್ಕೆ ಹೋಗೋಣ ಅಂತ 1972ರ 'ಜಿಗ್ಗಿ ಸ್ಟಾರ್‌ಡಸ್ಟ್' ಕೇಳಿದೆ. ಕಷ್ಟವೇ ಆಗಲಿಲ್ಲ, ಮೊದಲ ಸಲವೇ ಹಿಡಿಸಿತು.

ಸಿಕ್ಕಿಬಿದ್ದಿದ್ದು 1977ರ 'ಲೋ'ದಲ್ಲಿ. ಮೊದಲ ಭಾಗ ಇಷ್ಟ. ಹಾಡುಗಳು ಶುರುವಾಗುವಷ್ಟರಲ್ಲಿ ಮುಗಿಯುತ್ತವೆ. ಡ್ರಮ್ಮಿನ ಏಟು ಬಿದ್ದ ಕೂಡಲೇ ಅದರ ಸ್ವರ ಕೆಳಕ್ಕೆ ಜಾರುತ್ತದೆ, ಅದೊಂದಕ್ಕೇ ಮತ್ತೆ ಮತ್ತೆ ಹಾಕಿದ್ದೇನೆ. ಆದರೆ ಎರಡನೇ ಭಾಗದಲ್ಲಿ ಮಾತೇ ಹೆಚ್ಚುಕಡಿಮೆ ಇಲ್ಲ. ಹೆಚ್ಚಾಗಿ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯವೇ. ಹೆಡ್‌ಫೋನ್ ಹಾಕಿ ಕೇಳಿದೆ, ದೀಪ ಆರಿಸಿ ಕೇಳಿದೆ, ಈ ಆಲ್ಬಂನಲ್ಲಿ ಬೋವಿ ಜೊತೆ ಕೆಲಸ ಮಾಡಿದ ಸಂಗೀತಗಾರ ಬ್ರಯನ್ ಈನೊ ಬಗ್ಗೆ ಓದಿಕೊಂಡೂ ಕೇಳಿದೆ. ಪ್ರತಿ ಸಲ ಹತ್ತು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗಿರುತ್ತದೆ. ಅದೇ ವರ್ಷದ 'ಹೀರೋಸ್'ಗೆ ಹಾರಿದರೆ ಅಲ್ಲೂ ಎರಡನೇ ಭಾಗ ಜಾಸ್ತಿ ಹೀಗೇ! ಹಾಡೇ ಇಲ್ಲದ ಕಡೆ ಕಿವಿ ಯಾವುದರ ಹಿಂದೆ ಹೋಗಬೇಕು, ಅದೇ ಗೊತ್ತಾಗುತ್ತಿಲ್ಲ.

ಇದನ್ನು ದಾಟಿ ಬಂದವರು ಹೇಳಿ: 'ಲೋ' ಎರಡನೇ ಭಾಗದಲ್ಲಿ ನಿಮ್ಮ ಕಿವಿ ಮೊದಲು ಏನನ್ನು ಹಿಡಿದುಕೊಂಡಿತು? ಇಲ್ಲಾ, ಸದ್ಯಕ್ಕೆ ಬಿಟ್ಟು 1980ರ 'ಸ್ಕೇರಿ ಮಾನ್‌ಸ್ಟರ್ಸ್' ಕೇಳಿ ಆಮೇಲೆ ವಾಪಸ್ ಬರಲಾ?